ಅಪರಾಧಿಯ ಚಿತ್ರ: ನಾಸಿಕದ ಒಂದು ಮೊಕದ್ದಮೆ ಮತ್ತು ಅಚ್ಚಿನ ಮಾತು

ನಾಸಿಕವೆಂದೊಡನೆ ನಮ್ಮವರಿಗೆ ನೆನಪಾಗುವುದು ಗೋದಾವರಿ, ಪಂಚವಟಿ, ತ್ರ್ಯಂಬಕೇಶ್ವರ. ಹೊಟ್ಟೆಪಾಡಿಗಾಗಿ ಇಲ್ಲಿ ಬಂದು ನೆಲೆಸಿದ ನಮಗೆ ಇನ್ನೊಂದು ಹೆಸರೂ ಪರಿಚಿತವಾಗಿದೆ: ಹುತಾತ್ಮ ಅನಂತ ಕಾನ್ಹೇರೆ ಮೈದಾನ. ನಮ್ಮ ಮಕ್ಕಳು ಅಲ್ಲಿ ಕ್ರಿಕೆಟ್ ಪಂದ್ಯಗಳನ್ನು ನೋಡಿ ಬರುತ್ತಾರೆ. ಆದರೆ ಈ ಹೆಸರಿನ ತರುಣನನ್ನು ೧೯೧೦ರಲ್ಲಿ ಸರಕಾರವು ಕೊಲೆಗಾರನೆಂದು ನೇಣಿಗೇರಿಸಿತೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮನುಷ್ಯನೊಬ್ಬನೇ, ಕೃತ್ಯವೊಂದೇ, ಒಂದು ಕಾಲದ ದಫ್ತರದಲ್ಲಿ ಕೊಲೆಗಾರ, ಮತ್ತೊಂದು ಕಾಲದ ಫಲಕದಲ್ಲಿ ಹುತಾತ್ಮ. ಜನರ ಮನಸ್ಸಿನಲ್ಲಿ ಅಪರಾಧಿಯ ಚಿತ್ರವನ್ನು ಬರೆಯುವವರು ಯಾರು ಎಂಬ ಪ್ರಶ್ನೆ ಇಲ್ಲಿ ತಾನಾಗಿಯೇ ಏಳುತ್ತದೆ.

ನಡೆದುದಿಷ್ಟು. ೧೯೦೯ರ ಡಿಸೆಂಬರ್ ೨೧ರ ರಾತ್ರಿ ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ ದೇವಲರ 'ಸಂಗೀತ ಶಾರದಾ' ನಾಟಕವಿತ್ತು. ವರ್ಗವಾಗಿ ಹೊರಟಿದ್ದ ಕಲೆಕ್ಟರ್ ಜ್ಯಾಕ್ಸನ್ ಸಾಹೇಬರ ಗೌರವಾರ್ಥವಾಗಿ ಏರ್ಪಾಡಾಗಿದ್ದ ಆಟವದು. ಅಲ್ಲಿ ಕಾನ್ಹೇರೆಯು ಪಿಸ್ತೂಲಿನಿಂದ ಗುಂಡು ಹಾರಿಸಿ ಅವರನ್ನು ಕೊಂದನು. ಅವನಿಗೆ ಆಗ ಹದಿನೆಂಟರ ಆಸುಪಾಸಿನ ವಯಸ್ಸು. ನಿಜಾಮರ ಆಳ್ವಿಕೆಗೆ ಸೇರಿದ್ದ ಅಂದಿನ ಔರಂಗಾಬಾದಿನಲ್ಲಿ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಅವನು ವಿದ್ಯಾರ್ಥಿಯಾಗಿದ್ದನು. ಮರುವರ್ಷ ಏಪ್ರಿಲ್ ೧೯ರಂದು ಠಾಣೆಯ ಸೆರೆಮನೆಯಲ್ಲಿ ಅವನೊಡನೆ ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಎಂಬಿಬ್ಬರಿಗೂ ಗಲ್ಲಾಯಿತು.

ಈ ಕೊಲೆಯ ಬೇರನ್ನು ಹುಡುಕಹೊರಟರೆ ಕೈಗೆ ಸಿಗುವುದು ಅಚ್ಚಾದ ಒಂದು ಪದ್ಯಪುಸ್ತಿಕೆ! ಬಾಬಾರಾವ್ ಸಾವರಕರರು ಪ್ರಕಟಿಸಿದ ಪದ್ಯಗಳು ರಾಜನ ಮೇಲೆ ಯುದ್ಧ ಹೂಡುವುದಕ್ಕೆ ಪ್ರಚೋದನೆಯೆಂದು ೧೯೦೯ರ ಜೂನ್‌ನಲ್ಲಿ ನಾಸಿಕದ ನ್ಯಾಯಾಲಯವು ಅವರಿಗೆ ಆಜೀವ ಕರಿನೀರಿನ ಶಿಕ್ಷೆ ಕೊಟ್ಟಿತು. ಅದರ ಸೇಡಿಗಾಗಿ ಕೊಂದೆನೆಂದು ಕಾನ್ಹೇರೆ ಹೇಳಿದನು. ಸತ್ತವರಾದರೂ ಸಾಮಾನ್ಯರಲ್ಲ. ಸಂಸ್ಕೃತ ಬಲ್ಲವರೆಂದು ಜ್ಯಾಕ್ಸನ್ನರಿಗೆ 'ಪಂಡಿತ'ರೆಂಬ ಹೆಸರಿತ್ತು. ಅವರು ಕೂಡಿಸಿದ್ದ ಜಾನಪದ ಟಿಪ್ಪಣಿಗಳನ್ನು ಅವರ ಮರಣಾನಂತರ ಎಂಥೋವನ್ ಎಂಬವರು ಅಚ್ಚು ಹಾಕಿಸಿದರು. ಅಪರಾಧಿಯೆಂದರೆ ರಾಕ್ಷಸ, ಬಲಿಯಾದವನೆಂದರೆ ದೇವತೆ. ಇಲ್ಲವೆ ಇದರ ವಿಪರ್ಯಾಸ. ಹೀಗೆ ಎರಡೇ ಬಣ್ಣದಲ್ಲಿ ಚಿತ್ರ ಬರೆಯುವವರಿಗೆ ಈ ಮೊಕದ್ದಮೆ ಹಿಡಿಸುವಂಥದಲ್ಲ.

ಇದಕ್ಕೆ ಒಂದು ವರ್ಷ ಮೊದಲು ಲೋಕಮಾನ್ಯ ತಿಲಕರ ಮೊಕದ್ದಮೆ ನಡೆದಿತ್ತು. ಮುಜಫ್ಫರಪುರದ ಬಾಂಬಿನ ಪ್ರಕರಣವನ್ನು ಕುರಿತು 'ಕೇಸರಿ'ಯಲ್ಲಿ ಬಂದ ಲೇಖನಗಳಿಗಾಗಿ ೧೯೦೮ರ ಜುಲೈ ೨೨ರಂದು ಅವರಿಗೆ ಆರು ವರ್ಷಗಳ ಶಿಕ್ಷೆಯಾಯಿತು. ಬಾಂಬು ಎಸೆದವರು ಬೇರೆ, ಅದರ ಬಗ್ಗೆ ಬರೆದವರು ಬೇರೆ. ಆದರೂ ಬರೆದವರೇ ಅಪರಾಧಿಯಾದರು. ಒಂಬತ್ತು ಜನ ಜ್ಯೂರಿಗಳಲ್ಲಿ ಏಳು ಮಂದಿ ಯುರೋಪಿಯನ್ನರು. ಲೇಖನಗಳಿದ್ದುದು ಮರಾಠಿಯಲ್ಲಿ, ವಿಚಾರಣೆಯಾದುದು ಇಂಗ್ಲಿಷ್ ಭಾಷಾಂತರವನ್ನು ಮುಂದಿಟ್ಟುಕೊಂಡು. ತಮ್ಮ ಮಾತಿನ ಅರ್ಥವೇ ಭಾಷಾಂತರದಲ್ಲಿ ಕೆಟ್ಟಿದೆಯೆಂದು ತಿಲಕರು ಒಂದೊಂದು ಶಬ್ದಕ್ಕೂ ವಾದಿಸಬೇಕಾಯಿತು. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ ಆಡುತ್ತ ಬಾಳುವ ನಮಗೆ ಈ ತೊಂದರೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಜ್ಯಾಕ್ಸನ್ನರು ಸತ್ತು ಎರಡು ತಿಂಗಳು ತುಂಬುವ ಮೊದಲೇ, ೧೯೧೦ರ ಫೆಬ್ರುವರಿಯಲ್ಲಿ, ಮುದ್ರಣ ಕಾಯಿದೆಯು ಬಂದಿತು. ಬ್ಯಾಂಕಿನಲ್ಲಿ ಠೇವಣಿಗಳ ಲೆಕ್ಕ ಬರೆಯುವ ನನಗೆ ಆ ಕಾಯಿದೆಯಲ್ಲಿನ ಠೇವಣಿಯ ಮಾತು ವಿಚಿತ್ರವಾಗಿ ಕಾಣುತ್ತದೆ. ಹೊಸದಾಗಿ ಛಾಪಖಾನೆ ಇಡುವವನು ೫೦೦ರಿಂದ ೨೦೦೦ ರೂಪಾಯಿಗಳವರೆಗೆ ಜಾಮೀನು ಹಣ ಇಡಬೇಕು. ಆಕ್ಷೇಪಣೀಯವಾದುದನ್ನು ಅಚ್ಚು ಹಾಕಿದರೆ ಆ ಹಣ ಮುಟ್ಟುಗೋಲು. ಬಡ್ಡಿ ಬರುವ ಠೇವಣಿಯನ್ನು ನಾವು ಬಲ್ಲೆವು. ಇದು ಬಾಯಿ ಮುಚ್ಚಿಸುವ ಠೇವಣಿ! ಮೈಸೂರು ಸಂಸ್ಥಾನದಲ್ಲಿ ೧೯೦೮ರಲ್ಲಿಯೇ ಇಂಥ ವೃತ್ತಪತ್ರಿಕಾ ಶಾಸನವಾಗಿತ್ತು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ೧೯೧೦ರ ಆ ಕಾಯಿದೆ ರದ್ದಾದುದು ೧೯೨೨ರಲ್ಲಿ.

ನಾಸಿಕದ ಒಳಸಂಚಿನ ದೊಡ್ಡ ಮೊಕದ್ದಮೆಯಲ್ಲಿ ಆಪಾದಿತರು ೩೮ ಜನ. ಜ್ಯೂರಿಯಿಲ್ಲದ ಆ ವಿಶೇಷ ನ್ಯಾಯಪೀಠದಲ್ಲಿ ಕುಳಿತ ಮೂವರಲ್ಲಿ ಒಬ್ಬರು ಸರ್ ನಾರಾಯಣ ಗಣೇಶ ಚಂದಾವರಕರರು, ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಹುಟ್ಟಿದವರು. ಅವರು ೧೯೦೦ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು. ಅದಕ್ಕೂ ಮೊದಲು ಮುಂಬಯಿಯ 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ವಿಭಾಗವನ್ನು ಸಂಪಾದಿಸಿದವರು. ಪತ್ರಿಕೆ ನಡೆಸಿದ ಕೈಗೆ ನ್ಯಾಯದ ತಕ್ಕಡಿ ಬಂದಿತ್ತು. ಅಲ್ಲಿ ಬೇಕಾದುದು ಸಾಕ್ಷ್ಯ. ಪತ್ರಿಕೆಯ ಅಂಕಣಕ್ಕಾದರೆ ಶಂಕೆಯೊಂದೇ ಸಾಕಾಗುವುದುಂಟು. ನ್ಯಾಯಾಲಯಕ್ಕೂ ಪತ್ರಿಕೆಗೂ ಇರುವ ಅಂತರವೇ ಇದು.

ಅಚ್ಚು ಬರುವುದಕ್ಕೆ ಮೊದಲು ಈ ಕೆಲಸವನ್ನು ನಮ್ಮಲ್ಲಿ ಲಾವಣಿಯು ಮಾಡುತ್ತಿತ್ತು. ಕಂಪನಿ ಸರಕಾರದ ಕಣ್ಣಿಗೆ ಸಂಗೊಳ್ಳಿ ರಾಯಣ್ಣನು ದಂಗೆಕೋರ. ೧೮೩೧ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಆದರೆ ಹಾಡುವವರ ಬಾಯಲ್ಲಿ ಅವನು ಶೂರನಾಗಿಯೇ ಉಳಿದನು. ೧೮೫೭ರಲ್ಲಿ ಹತಾರ ಒಪ್ಪಿಸಲಾರೆವೆಂದು ನಿಂತ ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟ್ ಸಾಹೇಬರೇ ಸಂಗ್ರಹಿಸಿ ಪ್ರಕಟಿಸಿದರು. ಸರಕಾರದ ಕಾಗದ ಒಂದು ಹೇಳಿದರೆ ದಪ್ಪಿನ ದನಿ ಮತ್ತೊಂದು ಹೇಳುತ್ತಿತ್ತು. ಕೇಳುವವನಿಗೆ ಎರಡನ್ನೂ ತೂಗಿ ನೋಡುವ ಅವಕಾಶವಿತ್ತು.

ಲಾವಣಿಯ ಬೆಂಬಲವಿಲ್ಲದವರ ಗತಿಯೇನು? ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕುಲಕ್ಕೆ ಕುಲವನ್ನೇ ಹುಟ್ಟಿನಿಂದ ಕಳ್ಳರೆಂದು ಪಟ್ಟಿಯಲ್ಲಿ ಬರೆಯಿತು. ಅದು ೧೯೧೧ರಲ್ಲಿ ಮತ್ತಷ್ಟು ವಿಸ್ತಾರಗೊಂಡಿತು. ಸೊಲ್ಲಾಪುರ, ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಕಾವಲಿನ ಸೆಟ್ಲ್‌ಮೆಂಟುಗಳಾದವು. ಹುಬ್ಬಳ್ಳಿಯ ಒಂದು ಬಡಾವಣೆಗೆ ಆ ಹೆಸರು ಇಂದಿಗೂ ಅಂಟಿಕೊಂಡಿದೆ. 'ಗಂಟಿಚೋರ'ರೆಂಬ ಜನರಿಗಂತೂ ಕುಲದ ಹೆಸರೇ ಕಳ್ಳತನದ ಆರೋಪವಾಗಿದೆ. ೧೯೫೨ರಲ್ಲಿ ಕಾಯಿದೆಯು ರದ್ದಾಯಿತು. ಜನರ ಮನಸ್ಸಿನ ಪಟ್ಟಿ ಮಾತ್ರ ರದ್ದಾಗಲಿಲ್ಲ.

ಈ ಮಾತು ಉತ್ಪ್ರೇಕ್ಷೆಯೆಂದು ತೋರಿದರೆ ೨೦೧೮ನೆಯ ವರ್ಷವನ್ನು ನೆನೆಯಿರಿ. ಜೂನ್ ತಿಂಗಳಲ್ಲಿ ವೈಜಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ದರೋಡೆಗಾರರೆಂಬ ಸಂಶಯದಿಂದ ಜನರ ಗುಂಪು ಇಬ್ಬರನ್ನು ಹೊಡೆದು ಕೊಂದಿತು. ಜುಲೈ ೧ರಂದು ಧುಳೆ ಜಿಲ್ಲೆಯ ರಾಯಿನಪಾಡೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಐವರು ಬಲಿಯಾದರು. ಅವರು ಭಿಕ್ಷೆಗಾಗಿ ಊರೂರು ತಿರುಗುವ ನಾಥಪಂಥಿ ಡವರಿ ಗೋಸಾವಿಗಳು, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಬಸವಣ್ಣನವರು ಕರಣಿಕರಾಗಿದ್ದರೆಂದು ನಾವು ಗೌರವದಿಂದ ನೆನೆಯುವ ಮಂಗಳವಾಡದ ನೆಲದವರು. ಅದೇ ವೇಳೆಗೆ ನಮ್ಮ ಜಿಲ್ಲೆಯ ಮಾಲೆಗಾಂವದಲ್ಲಿ ಇಂಥದೇ ಗುಂಪಿನ ಕೈಗೆ ಸಿಕ್ಕವರನ್ನು ಪೋಲೀಸರು ಉಳಿಸಿದರು. ಅದೇ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ತರುಣನೊಬ್ಬನು ಇದೇ ವದಂತಿಗೆ ಪ್ರಾಣ ತೆತ್ತನು. ಆದುದರಿಂದ ಕರ್ನಾಟಕವೂ ಮಹಾರಾಷ್ಟ್ರವೂ ಒಂದನ್ನೊಂದು ಬೆರಳು ಮಾಡಿ ತೋರಿಸುವಂತಿಲ್ಲ. ಅಂದು ಸುದ್ದಿ ಹಬ್ಬಿಸಲು ಛಾಪಖಾನೆ ಬೇಕಿತ್ತು, ಕೆಳಗೆ ಮುದ್ರಕನ ಹೆಸರಿರುತ್ತಿತ್ತು. ಇಂದು ಪ್ರತಿಯೊಬ್ಬನ ಅಂಗೈಯಲ್ಲಿಯೂ ಛಾಪಖಾನೆಯಿದೆ; ಮೊದಲು ಬರೆದವನ ಹೆಸರು ಮಾತ್ರ ಯಾರಿಗೂ ತಿಳಿಯದು.

ಈ ಐವರಲ್ಲಿ ಯಾರೂ ಮಾಡಿದ ತಪ್ಪಿಗಾಗಿ ಸಾಯಲಿಲ್ಲ. ಪರ ಊರಿನವರು, ಬೇರೆ ವೇಷದವರು, ಗುರುತಿಲ್ಲದವರು ಎಂಬುದಷ್ಟೇ ಅವರ ಮೇಲಿನ ಸಾಕ್ಷ್ಯ. ಪರ ಊರಿನಲ್ಲಿ ಬಾಳುವುದೆಂದರೇನೆಂದು ನಮಗೂ ಗೊತ್ತಲ್ಲವೆ? ಕಳ್ಳತನದ ಸುದ್ದಿಯಲ್ಲಿ 'ಪರಪ್ರಾಂತದವನು' ಎಂಬ ಒಂದು ಶಬ್ದ ಸೇರಿದರೆ ಸಾಕು, ಓದುವವನ ಕಣ್ಣು ನೆರೆಮನೆಯತ್ತ ಹೊರಳುತ್ತದೆ. ನಮ್ಮ ಮಾತಿನಲ್ಲಿಯೂ ಇನ್ನೊಂದು ಜಾತಿ, ಇನ್ನೊಂದು ಭಾಷೆ, ಇನ್ನೊಂದು ಓಣಿಯವರ ಬಗ್ಗೆ ಇಂಥ ಶಬ್ದಗಳು ನುಸುಳುತ್ತಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಬ್ಯಾಂಕಿನಲ್ಲಿ ಒಂದು ನಿಯಮವುಂಟು: ವೋಚರಿಲ್ಲದೆ ಖಾತೆಯಲ್ಲಿ ಒಂದು ರೂಪಾಯಿಯನ್ನೂ ಬರೆಯುವಂತಿಲ್ಲ. ಮನುಷ್ಯನ ಮಾನ ಒಂದು ರೂಪಾಯಿಗಿಂತ ಹಗುರವಲ್ಲ. ಒಬ್ಬನನ್ನು ಅಪರಾಧಿಯೆಂದು ಮನಸ್ಸಿನ ಖಾತೆಯಲ್ಲಿ ಬರೆದುಕೊಳ್ಳುವ ಮುಂಚೆ ವೋಚರೆಲ್ಲಿ ಎಂದು ಕೇಳೋಣ. ಆ ಮಾತನ್ನು ಮತ್ತೊಬ್ಬರಿಗೆ ಕಳಿಸುವ ಮುಂಚೆ ಇನ್ನೊಮ್ಮೆ ಕೇಳೋಣ. ಈ ರಾಜ್ಯೋತ್ಸವದ ಶುಭದಿನದಂದು ಕನ್ನಡ ತಾಯಿಯ ಮಕ್ಕಳಾದ ನಾವು ಆಶ್ರಯವಿತ್ತ ಈ ಗೋದಾವರಿಯ ತೀರದಲ್ಲಿ ಅಷ್ಟು ಮಾಡಿದರೆ ನುಡಿಯ ಗೌರವವೂ ಉಳಿಯುತ್ತದೆ, ನೆರೆಯವರ ಜೀವವೂ ಉಳಿಯುತ್ತದೆ.