ಡೊಂಬಿವಲಿ ಸ್ಟೇಷನ್ನು, ಕಾಪ್ರೇಕರ್ ಮೇಷ್ಟ್ರು, ಒಂದು ಲೂಪು

ಇವತ್ತು ಒಂದು ಪುಟ್ಟ ಪ್ರೋಗ್ರಾಂ ನೋಡೋಣ. ನಾಲ್ಕಂಕಿಯ ಒಂದು ಸಂಖ್ಯೆ ತಗೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ಅಂಕಿಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅದರಿಂದ, ಅದನ್ನೇ ತಿರುಗಿಸಿ ಬರೆದ ಸಂಖ್ಯೆಯನ್ನ ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಉತ್ತರ ಬದಲಾಗೋದು ನಿಂತಾಗ ಲೂಪ್ ನಿಲ್ಲುತ್ತೆ. ಈ ಪ್ರೋಗ್ರಾಂ ಲೆಕ್ಕ ಹಾಕ್ತಿರೋದು ಏನನ್ನ?

3524 ಕೊಡೋಣ. 5432 − 2345 = 3087. ಮುಂದೆ 8730 − 0378 = 8352. ಆಮೇಲೆ 8532 − 2358 = 6174. ಇನ್ನೊಂದು ಸುತ್ತು: 7641 − 1467, ಮತ್ತೆ 6174. ನಿಂತಿತು. ಬೇರೆ ಯಾವ ಸಂಖ್ಯೆ ಕೊಟ್ಟರೂ ಹೆಚ್ಚೆಂದರೆ ಏಳು ಸುತ್ತಿನಲ್ಲಿ ಇಲ್ಲಿಗೇ ಬರುತ್ತೆ.

ಇದನ್ನ 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಮುಂದಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಠಾಣೆಯಲ್ಲಿ ಹೈಸ್ಕೂಲು, ಪುಣೆಯ ಫರ್ಗ್ಯುಸನ್ನಿನಲ್ಲಿ ಕಾಲೇಜು ಮುಗಿಸಿ, ನಾಸಿಕ್ ಹತ್ತಿರದ ದೇವಳಾಲಿಯಲ್ಲಿ 1962ರವರೆಗೆ ಸ್ಕೂಲ್ ಮೇಷ್ಟ್ರಾಗಿದ್ದವರು. ಬಿ.ಎಸ್ಸಿ. ಆದಮೇಲೆ ಬೇರೆ ಡಿಗ್ರಿ ಇಲ್ಲ. ಕಂಪ್ಯೂಟರಂತೂ ಕೇಳಲೇಬೇಡಿ. ನಮ್ಮ ದೇಶದ ಅನೇಕ ಗಣಿತಜ್ಞರು ಅವರ ಕೆಲಸವನ್ನ ಆಟ ಅಂತ ಪಕ್ಕಕ್ಕಿಟ್ಟರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್'ನಲ್ಲಿ ಬರೆದ ಮೇಲೆ ಹೆಸರು ಎಲ್ಲ ಕಡೆ ಹರಡಿತು. ಆಗ ಮೇಷ್ಟ್ರಿಗೆ ಎಪ್ಪತ್ತು. ನನಗಿದು ಸಣ್ಣ ಅನ್ಯಾಯ ಅಂತ ಅನ್ನಿಸೋದಿಲ್ಲ.

ಡೊಂಬಿವಲಿಯ ಕನ್ನಡಿಗರಿಗೆ ಇನ್ನೊಂದು ಮಾತು ಹೇಳಲೇಬೇಕು. 121, 12321 ಥರದ ಸಂಖ್ಯೆಗಳಿಗೆ ಕಾಪ್ರೇಕರ್ ಇಟ್ಟ ಹೆಸರು 'ಡೆಮ್ಲೋ ಸಂಖ್ಯೆ'. ಡೆಮ್ಲೋ ಅಂದ್ರೆ ಜಿ.ಐ.ಪಿ. ರೈಲ್ವೆ ಕಾಲದ ನಿಮ್ಮ ಡೊಂಬಿವಲಿ ಸ್ಟೇಷನ್ನೇ! ಆ ಯೋಚನೆ ಹೊಳೆದದ್ದು ಅಲ್ಲೇ. ಈಗ ಬೆಳಿಗ್ಗೆ ಎಂಟೂವರೆಗೆ ಆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಏನಾದರೂ ಯೋಚನೆ ಮಾಡಿ ನೋಡೋಣ.

ಸರಿ, ಪ್ರೋಗ್ರಾಂಗೆ ವಾಪಸ್ ಬರೋಣ. ಹತ್ತು ಸಂಖ್ಯೆ ಓಡಿಸಿ ನೋಡಿ '6174 ಬರುತ್ತೆ' ಅಂದ್ರೆ ಅದು ಬರೀ ಊಹೆ. ಪರೀಕ್ಷಿಸಬೇಕಾದ್ದು 1000ದಿಂದ 9999ರವರೆಗೆ 8991 ಸಂಖ್ಯೆ. ಆದರೆ ಕಳೆಯೋ ಲೆಕ್ಕವನ್ನ ಬಿಡಿಸಿ ಬರೆದ್ರೆ ಒಂದು ವಿಷಯ ಕಾಣುತ್ತೆ. ಅಂಕಿಗಳನ್ನ ಇಳಿಕೆ ಕ್ರಮದಲ್ಲಿಟ್ಟಾಗ ತುದಿಯ ಎರಡು ಅಂಕಿಗಳ ವ್ಯತ್ಯಾಸವನ್ನ 999ರಿಂದ, ನಡುವಿನ ಎರಡರ ವ್ಯತ್ಯಾಸವನ್ನ 90ರಿಂದ ಗುಣಿಸಿ ಕೂಡಿದ್ರೆ ಉತ್ತರ ಸಿಗುತ್ತೆ. 3524ಕ್ಕೆ ಈ ವ್ಯತ್ಯಾಸಗಳು 3 ಮತ್ತು 1: 2997 + 90 = 3087. ಇಂಥ ಜೋಡಿಗಳು ಇರೋದೇ 54. ಅಷ್ಟನ್ನ ಪೆನ್ನು-ಪೇಪರಿನಲ್ಲೇ ಒಂದು ಸಂಜೆ ಕೂತು ಮುಗಿಸಬಹುದು. ಅಂದ್ರೆ 6174 ಅನ್ನೋದು ಓಡಿಸೋ ಮೊದಲೇ ಗೊತ್ತಿರೋ ಉತ್ತರ. ಈ ಲೂಪ್ ನಮಗೆ ಹೊಸದಾಗಿ ತಿಳಿಸೋದು ಎಷ್ಟು ಸುತ್ತು ಬೇಕಾಯ್ತು ಅನ್ನೋದನ್ನ ಮಾತ್ರ.

ಕೋಡ್ ಬರೆಯೋರು ಒಂದು ಸೊನ್ನೆ ಬಗ್ಗೆ ಹುಷಾರಾಗಿರಿ. 1000 ಕೊಟ್ಟರೆ ಮೊದಲ ಸುತ್ತಿಗೆ 999 ಬರುತ್ತೆ. ಅದನ್ನ 0999 ಅಂತ ಇಟ್ಟುಕೊಂಡ್ರೆ 8991, 8082, 8532, 6174. ಮುಂದಿನ ಸೊನ್ನೆ ಬಿಟ್ಟುಹೋದ್ರೆ 999 − 999, ಲೂಪ್ ಸೊನ್ನೆಯಲ್ಲಿ ನಿಂತುಬಿಡುತ್ತೆ. ಇನ್ನು ಎರಡಂಕಿಗೆ ಇದೇ ಕೋಡ್ ಓಡಿಸಿದ್ರೆ 09, 81, 63, 27, 45, ಮತ್ತೆ 09. ಅದು ನಿಲ್ಲೋದೇ ಇಲ್ಲ, ಕಂಟ್ರೋಲ್-ಸಿ ಒತ್ತಲೇಬೇಕು.