ಗೇಮ್ ಆಡ್ತಿದ್ದಾನೆ ಅನ್ನೋ ಬೈಗುಳ

ಬಿಗ್ ಬಾಸ್ ಶುರುವಾದ್ರೆ ಸಾಕು, ಮನೆಮನೆಯಲ್ಲೂ ಒಂದೇ ತಕರಾರು: “ಅವನು ನಿಜವಾಗ್ಲೂ ಹಾಗಿಲ್ಲ ರೀ, ಗೇಮ್ ಆಡ್ತಿದ್ದಾನೆ.” ಅಲ್ಲ ಸ್ವಾಮಿ, ಆಟಕ್ಕೆ ಅಂತಲೇ ಹೋದವನು ಆಡದೆ ಇನ್ನೇನು ಮಾಡಬೇಕು? ಈ ಬೈಗುಳ ಅರ್ಥವಾಗಬೇಕಾದ್ರೆ 2000ನೇ ಇಸವಿಯ ಆಗಸ್ಟ್ ತಿಂಗಳಿಗೆ ಹೋಗಬೇಕು.

ಅಮೆರಿಕದಲ್ಲಿ ಆಗ ‘ಸರ್ವೈವರ್’ ಮೊದಲ ಸೀಸನ್. ಬೋರ್ನಿಯೋ ಪಕ್ಕದ ಪುಟ್ಟ ದ್ವೀಪದಲ್ಲಿ 16 ಜನ, 39 ದಿನ, 10 ಲಕ್ಷ ಡಾಲರ್ ಬಹುಮಾನ. ರಿಚರ್ಡ್ ಹ್ಯಾಚ್ ಎಂಬಾತ ನಾಲ್ವರ ಗುಂಪು ಕಟ್ಟಿದ. ಯಾರನ್ನು ಕಳಿಸಬೇಕು ಅಂತ ಮೊದಲೇ ಮಾತಾಡಿಕೊಂಡು, ಉಳಿದವರನ್ನು ಒಬ್ಬೊಬ್ಬರಾಗಿ ಹೊರಗೆ ಹಾಕಿದ್ರು. ವಿಜೇತ ಯಾರು ಅಂತ ಕೊನೆಗೆ ಹೇಳಬೇಕಾದವರು ಹೀಗೆ ಸೋತು ಹೋದ ಏಳು ಜನ! ಅವರಲ್ಲಿ ಸೂ ಹಾಕ್ ಎಂಬಾಕೆ ಫೈನಲ್‌ನ ಇಬ್ಬರಲ್ಲಿ ಹ್ಯಾಚ್‌ನನ್ನು ಹಾವು ಅಂದ್ಲು, ಇನ್ನೊಬ್ಬಳನ್ನು ಇಲಿ ಅಂದ್ಲು. ವೋಟು ಹಾಕಿದ್ದು ಹಾವಿಗೇ. 4–3ರಲ್ಲಿ ಹ್ಯಾಚ್ ಗೆದ್ದ. 5 ಕೋಟಿಗೂ ಹೆಚ್ಚು ಜನ ಅದನ್ನು ನೋಡಿದ್ರು.

ಅದೇ ತಿಂಗಳು ಬ್ರಿಟನ್ನಿನ ‘ಬಿಗ್ ಬ್ರದರ್’ ಮನೆಯಲ್ಲಿ ನಿಕ್ ಬೇಟ್‌ಮನ್ ಚೀಟಿಯಲ್ಲಿ ಹೆಸರು ಬರೆದು ತೋರಿಸಿ ನಾಮಿನೇಷನ್ ತಿರುಗಿಸೋಕೆ ನೋಡಿ ಸಿಕ್ಕಿಬಿದ್ದ. ಮನೆಯವರೇ ಟೇಬಲ್ ಸುತ್ತ ಕೂತು ವಿಚಾರಣೆ ನಡೆಸಿದ್ರು. ನಿಯಮ ಮುರಿದಿದ್ದಕ್ಕೆ ಗೇಟ್‌ಪಾಸ್ ಸಿಕ್ತು. ಪತ್ರಿಕೆಗಳು ‘ನಾಸ್ಟಿ ನಿಕ್’ ಅಂತ ಜರಿದವು. ಗೆದ್ದದ್ದು ಅವನನ್ನು ಎದುರೇ ಪ್ರಶ್ನಿಸಿದ ಕ್ರೇಗ್ ಫಿಲಿಪ್ಸ್. ಬಹುಮಾನದ 70,000 ಪೌಂಡ್ ಹಣವನ್ನು ಆತ ಗೆಳತಿಯೊಬ್ಬಳ ಚಿಕಿತ್ಸೆಗೆ ಕೊಟ್ಟ.

ಹಾಗಾದ್ರೆ ಅಮೆರಿಕನ್ನರು ಕುತಂತ್ರಿಗಳು, ಬ್ರಿಟಿಷರು ಸಭ್ಯರು ಅಂತೀರಾ? ದುಡುಕಬೇಡಿ. (ನಮ್ಮನ್ನು ಒಡೆದು ಆಳಿದವರು ಒಂದು ಚೀಟಿ ನೋಡಿ ಗಾಬರಿಯಾದ್ರು ಅನ್ನೋದೇ ತಮಾಷೆ.) ಅಮೆರಿಕದ ‘ಬಿಗ್ ಬ್ರದರ್’ನಲ್ಲೂ 2000ದಲ್ಲಿ ವೀಕ್ಷಕರೇ ವೋಟು ಹಾಕ್ತಿದ್ರು, ಜಗಳ ಮಾಡೋರನ್ನೆಲ್ಲ ಬೇಗ ಕಳಿಸಿದ್ರು, ಮನೆ ಸಪ್ಪೆಯಾಯ್ತು. 2001ರಲ್ಲಿ ವೋಟು ಸ್ಪರ್ಧಿಗಳ ಕೈಗೆ ಹೋಯ್ತು. ಗೆದ್ದವನು ವಿಲ್ ಕರ್ಬಿ ಎಂಬ ಡಾಕ್ಟರ್, ಸುಳ್ಳು ಹೇಳ್ತೀನಿ ಅಂತ ಹೇಳಿಕೊಂಡೇ ಆಡಿದವನು! ಅದೇ ದೇಶ, ಅದೇ ಶೋ. ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ನಮಗೆ ಕಲಿಸಿದ್ದೂ ಇದನ್ನೇ: ಒಂದೇ ಒಂದು ಅಂಶ ಬದಲಿಸಿ, ಫಲಿತಾಂಶ ಏನಾಗುತ್ತೆ ನೋಡಿ. ಇಲ್ಲಿ ಬದಲಾದದ್ದು ತೀರ್ಪು ಕೊಡೋರು. ಜೊತೆಗೆ ಆಡಿ ಸೋತವರಿಗೆ ಜಾಣತನದ ಬೆಲೆ ಗೊತ್ತು, ಸೋಫಾದಲ್ಲಿ ಕೂತವರಿಗೆ ಬೇಕಾದದ್ದು ಒಳ್ಳೆಯ ಮನುಷ್ಯ.

2013ರಲ್ಲಿ ಕನ್ನಡಕ್ಕೆ ಬಿಗ್ ಬಾಸ್ ಬಂದಾಗ ನಮಗೆ ಸಿಕ್ಕಿದ್ದು ಬ್ರಿಟನ್ ಮಾದರಿ. ನಾಮಿನೇಷನ್ ಬಗ್ಗೆ ಪಿಸುಗುಟ್ಟುವಂತಿಲ್ಲ, ಕೊನೆಯ ತೀರ್ಪು ಸೋಫಾದ್ದು. ಮೊದಲ ಸೀಸನ್ ಗೆದ್ದದ್ದು ವಿಜಯ್ ರಾಘವೇಂದ್ರ. 2025ರ ಜನವರಿಯಲ್ಲಿ ಹನ್ನೊಂದನೇ ಸೀಸನ್ ಗೆದ್ದದ್ದು ಕುರಿಗಾಹಿ ಗಾಯಕ ಹನುಮಂತ. ಜನ ಮೆಚ್ಚಿದ್ದು ಅವರ ಮುಗ್ಧತೆಯನ್ನು. ವಾರಗಟ್ಟಲೆ ಆ ಮನೆಯಲ್ಲಿ ಉಳಿಯೋಕೆ ಲೆಕ್ಕಾಚಾರ ಬೇಡವೇ? ಬೇಕೇ ಬೇಕು. ಅದನ್ನು ಕ್ಯಾಮೆರಾ ಮುಂದೆ ಒಪ್ಪಿಕೊಂಡ್ರೆ ಮಾತ್ರ ನಮ್ಮ ವೋಟು ಸಿಗೋದು ಕಷ್ಟ.