ಕೆರೆಯೊಳಗಿನ ಸಸ್ಯಗಳು ಮತ್ತು ಪೋಷಕಾಂಶ ಮಾಲಿನ್ಯ (ತಿಪಟೂರು ಸೀಮೆ)

ಸಾರಜನಕ ಮತ್ತು ರಂಜಕ ಮಿತಿಮೀರಿ ನೀರಿಗೆ ಸೇರಿದಾಗ ನೀರಿನೊಳಗೇ ಬೆಳೆಯುವ ಗಿಡಗಳು ಅಳಿಯುತ್ತವೆ. ಕಡಲಂಚಿನಲ್ಲಿ ಇದಕ್ಕೆ ಮೊದಲು ಬಲಿಯಾಗುವುದು ಕಡಲಹುಲ್ಲು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಕಡಲು ದೂರ. ಇಲ್ಲಿ ಕಡಲಹುಲ್ಲಿನ ಕೆಲಸ ಮಾಡುವುದು ದಕ್ಷಿಣದ ಕೆರೆಗಳಲ್ಲೆಲ್ಲ ಸಾಮಾನ್ಯವಾದ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಸೆರಟೋಫಿಲಮ್ ಗಿಡಗಳು ಮತ್ತು ಗಿಡದಂತೆಯೇ ಕಾಣುವ ಕಾರಾ ಎಂಬ ಪಾಚಿ. ಇವು ಹೂಳನ್ನು ಹಿಡಿದಿಡುತ್ತವೆ, ನೀರಿಗೆ ಆಮ್ಲಜನಕ ಕೊಡುತ್ತವೆ, ಮೀನುಮರಿಗಳಿಗೆ ಮರೆಯಾಗುತ್ತವೆ. ದಡದಲ್ಲಿ ನಿಂತವರಿಗೆ ಇವು ಕಾಣುವುದೇ ಇಲ್ಲ. ಅಳಿದದ್ದೂ ಹಾಗೆಯೇ ಯಾರ ಗಮನಕ್ಕೂ ಬರುವುದಿಲ್ಲ.

ಗೊಬ್ಬರ ಹೆಚ್ಚಾದರೆ ಗಿಡ ಸೊಂಪಾಗಿ ಬೆಳೆಯಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಇಂಗ್ಲೆಂಡಿನ ನಾರ್ಫಕ್ ಬ್ರಾಡ್ಸ್ ಕೆರೆಗಳನ್ನು ಅಧ್ಯಯನ ಮಾಡಿದ ಫಿಲಿಪ್ಸ್, ಎಮಿನ್ಸನ್ ಮತ್ತು ಮಾಸ್ 1978ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಪೋಷಕಾಂಶ ಏರಿದಾಗ ಮೊದಲು ಹೆಚ್ಚುವುದು ಎಲೆಗಳ ಮೇಲೆ ಅಂಟುವ ಲೋಳೆಪಾಚಿ. ಅದು ಎಲೆಗೆ ಬೀಳುವ ಬೆಳಕನ್ನು ತಡೆಯುತ್ತದೆ. ಗಿಡ ಸೊರಗಿದ ಮೇಲೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗೆ ಎದುರಾಳಿಯೇ ಇಲ್ಲ. ಕೆರೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೂ ಮುಂಚೆ, 1973ರಲ್ಲಿ, ಕೆನಡಾದ ಡೇವಿಡ್ ಶಿಂಡ್ಲರ್ ಒಂದು ಸರೋವರವನ್ನು ಪರದೆಯಿಂದ ಇಬ್ಭಾಗ ಮಾಡಿ, ಎರಡೂ ಕಡೆಗೆ ಇಂಗಾಲ ಮತ್ತು ಸಾರಜನಕ ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದ್ದರು. ಹಸಿರಾದದ್ದು ರಂಜಕ ಬಿದ್ದ ಭಾಗ. ಹೀಗೆ ಒಮ್ಮೆ ಕೆಟ್ಟ ಕೆರೆ, ಹೊರಗಿನ ಹರಿವು ನಿಂತರೂ ಬೇಗ ತಿಳಿಯಾಗುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ತಳದ ಹೂಳೇ ತಾನು ಕೂಡಿಟ್ಟ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ.

ತಿಪಟೂರಿನ ಈ ತೆಂಗಿನ ಸೀಮೆಯಲ್ಲಿ ಕೆರೆಯ ಚರಿತ್ರೆಯನ್ನು ಹೂಳಿನಿಂದಲೇ ಹೇಳಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಗೋಡು ಮಣ್ಣನ್ನು ಗಾಡಿಗಳಲ್ಲಿ ಹೇರಿ ತೋಟಕ್ಕೂ ಗದ್ದೆಗೂ ಹೊಡೆಯುವುದು ಇಲ್ಲಿಯ ಹಳೆಯ ರೂಢಿ. ಜೊತೆಗೆ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು. ರೈತನಿಗೆ ಅದು ಬಿಟ್ಟಿ ಗೊಬ್ಬರ. ಕೆರೆಗೆ ಅದು ವರ್ಷವರ್ಷದ ಶುದ್ಧಿ. ಮಳೆ ತೊಳೆದು ತಂದ ಸಾರವೆಲ್ಲ ಮರದ ಬುಡಕ್ಕೆ ವಾಪಸಾಗುತ್ತಿತ್ತು. ತೂಬನ್ನು ನೋಡಿಕೊಳ್ಳುವ ನೀರಗಂಟಿಯಷ್ಟೇ ಗೋಡು ಹೊಡೆಯುವ ರೈತನೂ ಕೆರೆಯನ್ನು ಕಾದವನು ಎಂದರೆ ತಪ್ಪಾಗದು.

ಹಸಿರು ಕ್ರಾಂತಿಯ ನಂತರ ‘ಸರ್ಕಾರಿ ಗೊಬ್ಬರ’ದ, ಎಂದರೆ ರಾಸಾಯನಿಕ ಗೊಬ್ಬರದ, ಮೂಟೆ ಬಂತು. ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಎಂಬುದು ರೂಢಿಯ ಶಿಫಾರಸು. ಎಕರೆಗೆ 70 ಮರ ಎಂದರೆ 35 ಕಿಲೋ ಸಾರಜನಕ. ಪೊಟ್ಯಾಷ್ ಪಾಚಿಗೆ ಅಷ್ಟು ಮುಖ್ಯವಲ್ಲ; ಉಳಿದೆರಡೇ ಮುಖ್ಯ. ಪಾತಿಯಲ್ಲಿ ಮುಚ್ಚಿದ ಗೊಬ್ಬರ ಹೆಚ್ಚೇನೂ ಹೋಗುವುದಿಲ್ಲ. ಜೋರು ಮಳೆಗೆ ಮುಂಚೆ ಮೇಲೆ ಎರಚಿದ್ದರಲ್ಲಿ ಸಾರಜನಕ ಕರಗಿಯೂ ರಂಜಕ ಕೊಚ್ಚಿದ ಮಣ್ಣಿನ ಕಣಕ್ಕೆ ಅಂಟಿಯೂ ಹಳ್ಳ ಸೇರುತ್ತವೆ. ಇಲ್ಲಿ ಕೆರೆಗಳು ಸರಣಿಯಾಗಿವೆ: ಮೇಲಿನ ಕೆರೆಯ ಕೋಡಿ ಹರಿದದ್ದು ಕೆಳಗಿನ ಕೆರೆಗೆ. ತುರುವೇಕೆರೆ ಕಡೆಯ ನೀರು ಶಿಂಷೆಯಿಂದ ಕಾವೇರಿಗೆ, ಚಿಕ್ಕನಾಯಕನಹಳ್ಳಿಯ ಬಡಗಲ ನೀರು ಬೋರನಕಣಿವೆ ದಾಟಿ ವೇದಾವತಿಯತ್ತ.

ಮೂಟೆ ಬಂದಮೇಲೆ ಗೋಡಿನ ಅಗತ್ಯ ತಗ್ಗಿತು. ಹೇಮಾವತಿ ನಾಲೆಯ ನೀರು ಈ ಸೀಮೆಯ ಕೆರೆಗಳಿಗೆ ಬಂದದ್ದು ಕುಡಿಯುವ ನೀರಿಗೂ ತೋಟಕ್ಕೂ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ನಿಂತ ಕೆರೆಯಲ್ಲಿ ಗೋಡು ಎತ್ತಲಾಗದು. ಮೊದಲು ಕೆರೆಯಿಂದ ತೋಟಕ್ಕೆ ಹೋಗುತ್ತಿದ್ದ ಸಾರ ಈಗ ತೋಟದಿಂದ ಕೆರೆಗೆ ಬರುತ್ತಿದೆ, ಬಂದದ್ದು ಅಲ್ಲೇ ಕೂರುತ್ತಿದೆ. ಪಟ್ಟಣದ ತಗ್ಗಿನ ಕೆರೆಗಳಿಗೆ ಗೊಬ್ಬರಕ್ಕಿಂತ ದೊಡ್ಡ ಕಂಟಕ ಚರಂಡಿ ನೀರು. ಅದರಲ್ಲಿ ಮಲಮೂತ್ರದ ಸಾರಜನಕವೂ ಸೋಪಿನ ಪುಡಿಯ ರಂಜಕವೂ ಇರುತ್ತವೆ. ಎಲ್ಲವನ್ನೂ ಪೋಷಕಾಂಶದ ತಲೆಗೆ ಕಟ್ಟುವುದೂ ಸರಿಯಲ್ಲ. ಸಾಕಣೆಗೆ ಬಿಡುವ ಹುಲ್ಲುಗೆಂಡೆ ಮೀನು ನೀರೊಳಗಿನ ಗಿಡವನ್ನೇ ಮೇಯುತ್ತದೆ, ಸಾಮಾನ್ಯ ಗೆಂಡೆ ತಳ ಕೆದಕಿ ನೀರು ಕದಡುತ್ತದೆ. ತೆಂಗಿನ ನಾರಿನ ಪುಡಿ ತೊಳೆದ ಕಂದು ನೀರು ಕೆರೆಗೆ ಬಿದ್ದರೆ ಬೆಳಕಿಗೆ ಅದೂ ಅಡ್ಡಿ.

ಕೊನೆಯ ಹಂತದಲ್ಲಿ ತೇಲುಸಸ್ಯಗಳು ಕೆರೆಯನ್ನು ಆವರಿಸುತ್ತವೆ. ದಕ್ಷಿಣ ಅಮೆರಿಕದ ನೀರಿನ ಹಯಸಿಂತ್ 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂದು ದೇಶವೆಲ್ಲ ಹಬ್ಬಿತು. ಅದನ್ನು ತಿನ್ನುವ ನಿಯೋಕೆಟಿನಾ ಜೀರುಂಡೆಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಒಂದಷ್ಟು ಯಶಸ್ಸನ್ನೂ ಕಂಡರು. ಆದರೆ ಚರಂಡಿ ನಿಲ್ಲದ ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯುಕ್ಕಿ ಬೆಂಕಿ ಹೊತ್ತಿಕೊಂಡದ್ದು ದೇಶಕ್ಕೆಲ್ಲ ಗೊತ್ತು.

ಪೋಷಕಾಂಶದ ಹರಿವು ತಗ್ಗಿಸಿದರೆ ನೀರೊಳಗಿನ ಗಿಡ ಮರಳುತ್ತದೆ ಎಂಬುದಕ್ಕೆ ಅಮೆರಿಕದ ಚೆಸಪೀಕ್ ಕೊಲ್ಲಿ ಸಾಕ್ಷಿ. 1984ರ ನಂತರ ಅಲ್ಲಿ ನೀರಿನ ಸಾರಜನಕ ಶೇ. 23ರಷ್ಟು ಇಳಿದು, ಸುಮಾರು 17,000 ಹೆಕ್ಟೇರಿನಲ್ಲಿ ನೀರೊಳಗಿನ ಸಸ್ಯ ಮತ್ತೆ ಬೆಳೆಯಿತೆಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನಮ್ಮಲ್ಲಿ ಕೆರೆ ಶುಚಿ ಎಂದರೆ ತೇಲುವ ಕಳೆಯನ್ನು ಯಂತ್ರದಿಂದ ಎತ್ತಿ ಏರಿಯ ಪಕ್ಕ ರಾಶಿ ಹಾಕುವುದೆಂದೇ ಆಗಿದೆ. ಕೊಳೆತ ಆ ರಾಶಿಯ ರಸ ಮುಂದಿನ ಮಳೆಗೆ ಅದೇ ಕೆರೆಗೆ ಇಳಿಯುತ್ತದೆ. ಅದನ್ನು ಕಾಂಪೋಸ್ಟ್ ಮಾಡಿ ತೆಂಗಿನ ಪಾತಿಗೆ ಹಾಕಿದರೆ ಮಾತ್ರ ಎತ್ತಿದ್ದಕ್ಕೆ ಲೆಕ್ಕ.